ತಳದಲ್ಲಿದ್ದ ಹೆಸರು

ವರ್ನೆಲ್ ಅಮ್ಮನವರಿಗೆ,

ಸಂಜೆ ಆರು ಗಂಟೆ. ಮನೆಯ ಹಳೇ ಸಾಮಾನಿನ ಅಂಗಳದ ಮಾರಾಟ ಮುಗಿಯಿತು. ನನ್ನ ಗಂಡ ಡೆನ್ಸಿಲ್‌ನ ಕೋಟು, ಮೀನಿನ ಗಾಳ, ಎರಡು ಕುರ್ಚಿ ಹೋದವು. ನೀವು ಕೊಂಡದ್ದು ಆ ಗಾಜಿನ ಪಾತ್ರೆ.

ಅದನ್ನು ತಿರುಗಿಸಿ ತಳ ನೋಡಿ, "ಎಷ್ಟಮ್ಮಾ ಇದಕ್ಕೆ?" ಅಂದಿರಿ. ಎರಡು ಡಾಲರ್ ಅಂದೆ. "ಅಗ್ಗಾನೇ ಬಿಡು. ಒಳ್ಳೇ ಆಳವಾಗಿದೆ, ಪೀಚ್ ಹಣ್ಣು ಹಾಕಿ ಕಾಬ್ಲರ್ ಬೇಯಿಸೋಕಾಗುತ್ತೆ" ಎಂದು ನಕ್ಕು ದುಡ್ಡು ಕೊಟ್ಟಿರಿ. ಕಾಗದದಲ್ಲಿ ಸುತ್ತುವಾಗ ತಳದ ಅಂಟುಪಟ್ಟಿಯ ಮೇಲೆ ನಿಮ್ಮ ಹೆಸರು ಕಂಡಿತು. ನಾನು ತಲೆ ಎತ್ತಲಿಲ್ಲ. ಸುತ್ತಿ ಕೊಟ್ಟೆ, ದುಡ್ಡನ್ನೂ ಇಟ್ಟುಕೊಂಡೆ.

ಡೆನ್ಸಿಲ್ ತೀರಿಕೊಂಡಾಗ ನೀವು ಅದರಲ್ಲೇ ಊಟ ತಂದಿರಬೇಕು. ಆಗ ಯಾರು ಏನು ತಂದರೋ ನೆನಪಿಲ್ಲ. ಪಾತ್ರೆಯೂ ನನಗೇ ಎಂದುಕೊಂಡಿದ್ದೆ. ಅದರಲ್ಲಿ ಏನಾದರೂ ತುಂಬಿ ಹಿಂದಿರುಗಿಸಬೇಕೆಂದು ನೀವು ಹೋದ ಮೇಲೆ ಪಕ್ಕದ ಮನೆಯ ಟ್ವೈಲಾ ಹೇಳಿದಳು. "ಅಲ್ಲಾ, ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಸಾವಿನ ಮನೆಗೆ ಯಾರೂ ಊಟ ತರಲ್ವಾ?" ಅಂದಳು. ಅಲ್ಲಿ ನಮಗೆ ಪಕ್ಕದ ಮನೆಯವರ ಹೆಸರೇ ಗೊತ್ತಿರಲಿಲ್ಲ.

ಅರ್ಕಾನ್ಸಾಸಿನಲ್ಲಿ ಎಲ್ಲವೂ ಅಗ್ಗ, ಇಬ್ಬರ ಪಿಂಚಣಿಯಲ್ಲಿ ರಾಜರ ಹಾಗೆ ಇರಬಹುದು ಎಂದು ಡೆನ್ಸಿಲ್ ಕರೆತಂದ. ಒಬ್ಬಳ ಪಿಂಚಣಿಯಲ್ಲಿ ಹೇಗೆಂದು ನಾವು ಯೋಚಿಸಿರಲಿಲ್ಲ.

ನಿಮ್ಮ ಎರಡು ಡಾಲರ್ ಈ ಲಕೋಟೆಯಲ್ಲಿದೆ. ಒಂದು ಕೋರಿಕೆ. ಪಾತ್ರೆಯನ್ನು ನಿಮ್ಮ ಜಗುಲಿಯ ಮೇಲೆ ಇಡಿ, ಬಂದು ಒಯ್ಯುತ್ತೇನೆ. ಮನೆಯಲ್ಲಿ ಸಿಹಿಗೆಣಸಿದೆ. ದುಡ್ಡು ಕಟ್ಟಿಲ್ಲವೆಂದು ಹೋದ ವಾರ ಕಂಪನಿಯವರು ಗ್ಯಾಸ್ ನಿಲ್ಲಿಸಿದ್ದರು; ಆ ಬಾಕಿಯನ್ನು ಇವತ್ತು ಬಂದ ದುಡ್ಡಿನಿಂದ ಕಟ್ಟಿದ್ದೇನೆ. ನಾಳೆ ಬೆಳಿಗ್ಗೆ ಒಲೆ ಉರಿಯುತ್ತದೆ.

ಇಂತಿ,
ಎದುರು ಮನೆಯ ರೋವೀನಾ