ನಾಲ್ಕನೇ ಬಾಟಲಿ

ಗಾಜುವಾಕ, ವಿಶಾಖಪಟ್ಟಣ
ಗುರುವಾರ, 7 ಡಿಸೆಂಬರ್ 1995

ಪ್ರೀತಿಯ ತಮ್ಮ ಪುಂಡಲೀಕಾ,

ಅಕ್ಕನ ಆಶೀರ್ವಾದ. ಹೇಗಿದ್ದೀಯಪ್ಪಾ? ವಿಜಯವಾಡದ ಆ ಆಟೋನಗರದ ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿದೆಯೋ ಏನೋ. ಬೆಳಿಗ್ಗೆ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಮೆಸ್ಸಿನವರು ಖಾರ ಹಾಕಿ ಹೊಟ್ಟೆ ಸುಡುತ್ತಾರೆ ಅಂತ ಬರೆದಿದ್ದಿ, ನಾಚಿಕೆ ಬಿಟ್ಟು ಮೊಸರು ಕೇಳಿ ಹಾಕಿಸಿಕೋ. ನಿಮ್ಮ ಗ್ಯಾಂಗಿನ ಪಂಪಿನ ಎಂಜಿನ್ನು ಬಿಚ್ಚಿ ಹದಿನೈದು ದಿನ ಆಯಿತಲ್ಲ, ಆ ಮೆಕ್ಯಾನಿಕ್ಕು ಅದನ್ನು ರಿಪೇರಿ ಮಾಡುತ್ತಿದ್ದಾನೋ ಸಾಕುತ್ತಿದ್ದಾನೋ? ಆದರೂ ಈ ಸಲ ನಾನು ಬೇಗ ಮುಗಿಸಿಕೊಂಡು ಬಾ ಅನ್ನುವುದಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ. ನಿನ್ನ ಸೋದರಸೊಸೆ ಸುಮಿತ್ರಾಗೆ ಪರೀಕ್ಷೆ ಹತ್ತಿರ ಬಂತು. ಮನೆಯಲ್ಲೂ ತೆಲುಗೇ ಅವಳಿಗೆ, ನಾನು ಕನ್ನಡದಲ್ಲಿ ಬೈದರೆ ತೆಲುಗಿನಲ್ಲಿ ಅಳುತ್ತಾಳೆ. ಮೈಕೈ ಮಟ್ಟಿಗೆ ನಾವೆಲ್ಲ ಕ್ಷೇಮ.

ಕಳೆದ ಭಾನುವಾರ ಮೇಲಿನ ಮನೆಯ ಜಗನ್ಮೋಹನ್ ಅವರಲ್ಲಿ ಊಟವಿತ್ತು. ಸೋಮವಾರ ನೇವಿ ದಿನ, ಅವತ್ತು ಇನ್ನೂ ನೇವಿಯಲ್ಲೇ ಇರುವ ಶಿವಲಿಂಗಪ್ಪನವರಿಗೆ ಡ್ಯೂಟಿ, ಅದಕ್ಕೆ ಒಂದು ದಿನ ಮೊದಲೇ. ನಿನ್ನ ಭಾವ ನೇವಿ ಬಿಟ್ಟು ಆರು ವರ್ಷವಾದರೂ ಶಿವಲಿಂಗಪ್ಪನವರು ಇವರನ್ನು ಬಿಟ್ಟು ಆ ಹಬ್ಬ ಮಾಡುವುದಿಲ್ಲ. ಜಗನ್ಮೋಹನ್ ಹಡಗಿನ ಏಜೆಂಟರ ಆಫೀಸಿನಲ್ಲಿ ಗುಮಾಸ್ತ ಅಲ್ಲವಾ, ಯಾವುದೋ ಪರದೇಶದ ಹಡಗಿನ ಕ್ಯಾಪ್ಟನ್ನು ಅವರಿಗೆ ಐದು ಬಾಟಲಿ ಕೆಂಪು ವೈನು ಕೊಟ್ಟು ಹೋಗಿದ್ದನಂತೆ. ಐದೂ ಬೇರೆ ಬೇರೆ ಊರಿನದು, ಬೇರೆ ಬೇರೆ ರುಚಿಯದು. ನಮ್ಮ ರಾಜ್ಯದಲ್ಲಿ ಪಾನನಿಷೇಧ ಬಂದು ವರ್ಷವಾಗುತ್ತ ಬಂತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಪೊಲೀಸರು ಬಂದರೆ ಪರದೇಶದ ಚೀಟಿ ನೋಡಿಯೇ ಹಿಡಿಯುತ್ತಾರೆ ಅಂತ ಆ ಮಹಾರಾಯರು ಬಾಟಲಿಗಳ ಮೇಲಿನ ಚೀಟಿಗಳನ್ನೆಲ್ಲ ಕಿತ್ತು ಹಾಕಿದ್ದರು. ಈಗ ಯಾವುದು ಯಾವುದೋ ದೇವರಿಗೇ ಗೊತ್ತು. ಅದಕ್ಕೆ ಒಂದು ಆಟ ಹೂಡಿದರು: ಒಂದೊಂದೇ ತೆರೆಯುವುದು, ಒಂದೊಂದು ಗುಟುಕು ಕುಡಿಯುವುದು, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದು. ಅಂಕ ಬರೆಯಲು ಕ್ಯಾಲೆಂಡರಿನ ಹಳೇ ಹಾಳೆ, ಕುಡಿಯಲು ನೀರು ಕುಡಿಯುವ ಸ್ಟೀಲ್ ಲೋಟ. ಜಗನ್ಮೋಹನ್ ಅವರ ಹೆಂಡತಿ ರಾಜ್ಯಲಕ್ಷ್ಮಿಯವರು ನನಗೂ ಶಿವಲಿಂಗಪ್ಪನವರ ಹೈಮಾವತಿಗೂ ಬೆರಳಷ್ಟು ಬೆರಳಷ್ಟು ಹಾಕಿ ಕೊಟ್ಟರು. ಅವ್ವನಿಗೆ ಹೇಳಬೇಡ, ಹೇಳಿದರೆ ನೀನು ಸತ್ತೆ.

ಮೊದಲನೆಯದು ನೇರಳೆಹಣ್ಣು ತಿಂದ ಮೇಲೆ ನಾಲಿಗೆ ದಪ್ಪಗಾಗುತ್ತದಲ್ಲ, ಹಾಗಿತ್ತು. ಎರಡನೆಯದು ಬಾಳೆಕಾಯಿ ಸಿಪ್ಪೆ ಕಚ್ಚಿದ ಹಾಗೆ ಒಗರು. ಇದಕ್ಕಾಗಿ ಜನ ಸಮುದ್ರ ದಾಟುತ್ತಾರಾ ಅಂತ ಹೈಮಾವತಿ ನನ್ನ ಕಿವಿಯಲ್ಲಿ ಕೇಳಿದಳು. ಮೂರನೆಯದು ಸ್ವಲ್ಪ ಸಿಹಿ, ನನಗೆ ಸೇರಿತು, ಸುಳ್ಳು ಯಾಕೆ ಹೇಳಲಿ. ಮೂರಕ್ಕೂ ಜಗನ್ಮೋಹನ್ ಅವರೇ ಮೊದಲು ಮೂಸಿ, ಕುಡಿದು, ಕಣ್ಣು ಮುಚ್ಚಿ ಏನಾದರೂ ಹೇಳುವರು. ನಿನ್ನ ಭಾವ ಅವರ ಮುಖವನ್ನೇ ನೋಡಿ, ಆಮೇಲೆ ತಮ್ಮ ಲೋಟ ಎತ್ತಿ, ಅದನ್ನೇ ಇನ್ನೊಂದು ಮಾತಿನಲ್ಲಿ ಹೇಳುವರು. ನಾನು ಆಗ ನಕ್ಕೆ. ಪುಂಡಲೀಕಾ, ನಾನು ನಕ್ಕೆ ಅನ್ನುವುದೇ ಈಗ ನನ್ನನ್ನು ತಿನ್ನುತ್ತಿದೆ.

ನಾಲ್ಕನೆಯದನ್ನು ನಿನ್ನ ಭಾವನೇ ಮೊದಲು ಕುಡಿಯಬೇಕು ಅಂತ ಜಗನ್ಮೋಹನ್ ಬಿಡಲಿಲ್ಲ. "ಅನ್ನಗಾರೂ, ಈಸಾರಿ ಮುಂದು ಮೀರೇ! ಪೋರ್ಟಿನಲ್ಲಿ ನಿಮ್ಮಂಥ ಮೂಗು ಯಾರಿಗಿದೆ?" ಅಂತ ಲೋಟವನ್ನು ಇವರ ಕೈಗೇ ಕೊಟ್ಟರು. ಇವರು ಲೋಟ ತಿರುಗಿಸಿದರು, ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದರು, ಅರ್ಧ ಲೋಟ ಕುಡಿದರು. ಎಲ್ಲಕ್ಕಿಂತ ಇದೇ ಚಂದ ಅಂತ ಹತ್ತಕ್ಕೆ ಒಂಬತ್ತು ಕೊಟ್ಟರು. ಆಮೇಲೆ ಶಿವಲಿಂಗಪ್ಪನವರು ಬಾಯಿಗೆ ಹಾಕಿಕೊಂಡವರು ಬಚ್ಚಲಿಗೆ ಓಡಿದರು. ನನ್ನ ಲೋಟ ತುಟಿಗೆ ಬರುವ ಮೊದಲೇ ವಾಸನೆ ಬಂತು: ಸೀಮೆಎಣ್ಣೆ! ಚೀಟಿಯ ಅಂಟು ಬಿಡಲಿ ಅಂತ ಜಗನ್ಮೋಹನ್ ಬಾಟಲಿಗಳನ್ನು ರಾತ್ರಿಯೆಲ್ಲ ಸೀಮೆಎಣ್ಣೆ ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಮಲಗಿಸಿದ್ದರಂತೆ. ಆ ಒಂದನ್ನು ಹಡಗಿನವರು ಮೊದಲೇ ತೆರೆದು, ಒಂದು ಲೋಟ ಕುಡಿದು, ಬೂಚನ್ನು ಅರ್ಧಂಬರ್ಧ ಒತ್ತಿ ಕೊಟ್ಟಿದ್ದರಂತೆ. ಒಳಗೆ ಇಳಿದಿತ್ತು. ಹೊನ್ನಪ್ಪಣ್ಣ ಎಂಥಾ ನಾಟಕ ಆಡಿದರು ಅಂತ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ನಕ್ಕರು. ಆದರೆ ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ, ಅದು ಇವರ ನಗು ಅಲ್ಲ.

ಐದನೆಯದರ ರುಚಿ ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಒಂದು ಪಾಪದ ಕೆಲಸ ಮಾಡಿದೆ. ಇವರ ಕರವಸ್ತ್ರಕ್ಕೆ ಸ್ಟೋವಿನಿಂದ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಮಡಚಿ ಕೊಟ್ಟೆ. ಅದರಲ್ಲೇ ಮುಖ ಒರೆಸಿಕೊಂಡು, ಜೇಬಿಗಿಟ್ಟುಕೊಂಡು, ಬರ್ತೀನಿ ಅಂತ ಹೇಳಿ ಕೆಲಸಕ್ಕೆ ಹೋದರು. ನಾನು ಒಲೆಯ ಮುಂದೆ ಕೂತು ಅತ್ತೆ. ಮೊನ್ನೆ ಮೊನ್ನೆ ಸಾರು ತಳ ಹತ್ತಿ ಮನೆಯೆಲ್ಲ ಹೊಗೆಯಾದಾಗ, ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದರು ಅಂತ ಜಗಳವಾಡಿದ್ದೆ. ಆಗ ಸೋಮಾರಿತನ ಅಂದುಕೊಂಡಿದ್ದೆ. ಸಂಜೆ ಬಾಗಿಲು ಹಾಕಿ ನೇರವಾಗಿ ಕೇಳಿದೆ. ಜೇಬಿನ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಆಮೇಲೆ, "ಗಣಪತಿ ಹಬ್ಬದ ಜ್ವರದಾಗ ಮೂಗಿನ ವಾಸನಿ ಹೋತು. ಇವತ್ತ ಬಂದೀತು, ನಾಳೆ ಬಂದೀತು ಅಂತ ಕುಂತೇನಿ" ಅಂದರು.

ನಿನಗೆ ನಾನು ಹೇಳಬೇಕಾ ಅವರ ಕೆಲಸ ಏನು ಅಂತ? ಹಡಗಿನ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗೆ ಜೀವ ತೆಗೆಯುವ ಗ್ಯಾಸು ಇದೆಯಾ ಅಂತ ಮೊದಲು ತಲೆ ಹಾಕಿ ಮೂಸುವವರು ಅವರು. ಇಳೀರಿ ಅಂದರೆ ತೊಳೆಯುವ ಗ್ಯಾಂಗು ಇಳಿಯುತ್ತದೆ, ಬ್ಯಾಡ ಅಂದರೆ ನಿಲ್ಲುತ್ತದೆ. ಗ್ಯಾಸು ನೋಡುವ ಮೀಟರು ಕೆಟ್ಟು ಕಂಟ್ರಾಕ್ಟರನ ಕಪಾಟಿನಲ್ಲಿ ಕೂತಿದೆ. ನಮ್ಮ ಹೊನ್ನಪ್ಪನ ಮೂಗೇ ಮೀಟರು ಅಂತ ಆತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಮತ್ತೆ ಹೆಂಗ ಹೇಳ್ತೀರಿ ಇಳೀರಿ ಅಂತ, ಅಂದೆ. "ಮುಚ್ಚಳ ತೆಗದ ಕೂಡಲೆ ಹಿಂದ ನಿಂತವರ ಮಾರಿ ನೋಡ್ತೀನಿ. ಯಾರರ ಮೂಗ ಮುಚ್ಚಿಕೊಂಡ್ರ ತಿಳೀತದ" ಅಂದರು. ಹಿಂದೆ ನಿಂತವರು ಇವರ ಮುಖ ನೋಡುತ್ತಿರುತ್ತಾರೆ, ಇವರು ಅವರ ಮುಖ ನೋಡುತ್ತಾರೆ. ಹಬ್ಬದ ಮೇಲೆ ಎರಡು ಟ್ಯಾಂಕು ತೆರೆದಿದ್ದಾರೆ. ಎರಡಕ್ಕೂ ಮೊದಲು ಇಳಿದವನು ನೀನು. ನನ್ನ ಗಂಡ ಇಳಿ ಅಂದರು, ನನ್ನ ತಮ್ಮ ಇಳಿದ. ದೇವರು ದೊಡ್ಡವನು, ಎರಡೂ ಸ್ವಚ್ಛ ಇದ್ದವು.

ಅವರನ್ನು ಕೆಟ್ಟವರು ಅಂತ ತಿಳಿಯಬೇಡ. ನಿನಗೆ ಕೆಲಸ ಕೊಡಿಸಲು ಎಷ್ಟು ಜನರ ಬಾಗಿಲು ತಟ್ಟಿದರು ಅಂತ ನನಗೆ ಗೊತ್ತು. ಮೂಗು ಹೋಯಿತು ಅಂದರೆ ಅವರು ಆ ಪೋರ್ಟಿನಲ್ಲಿ ಯಾರೂ ಅಲ್ಲ, ಆ ಹೆದರಿಕೆ. ನನ್ನ ಕೈಯನ್ನು ನನ್ನ ತಾಳಿಯ ಮೇಲೆ ಇಡಿಸಿ, ಪೋರ್ಟಿನ ಆಫೀಸಿನಲ್ಲಿ ಬಾಯಿ ಬಿಡುವುದಿಲ್ಲ ಅಂತ ಆಣೆ ಮಾಡಿಸಿಕೊಂಡರು. ಮಾಡಿದೆ. ಕೋಪ ಬಂದಿತ್ತು, ಅವರ ಕಣ್ಣಲ್ಲಿ ನೀರು ನೋಡಿ ಮಾಡಿದೆ. ನೀನು ಆಫೀಸಲ್ಲ, ನನ್ನ ತಮ್ಮ. ಅದಕ್ಕೆ ಬರೆಯುತ್ತಿದ್ದೇನೆ.

ಸೋಮವಾರ ದೊಡ್ಡ ಹಡಗಿನ ಟ್ಯಾಂಕು ತೆರೆಯುತ್ತಾರೆ. ಅಷ್ಟರಲ್ಲಿ ನೀನು ಬರಬೇಡ. ಎಂಜಿನ್ನಿಗೆ ಸಾಮಾನು ಸಿಕ್ಕಿಲ್ಲ ಅನ್ನು, ಜ್ವರ ಅನ್ನು, ಏನು ಸುಳ್ಳು ಬೇಕಾದರೂ ಹೇಳು, ಪಾಪ ನನಗಿರಲಿ. ಅಂಚೆಗೆ ಹಾಕಿದರೆ ತಡವಾದೀತು ಅಂತ, ಇವತ್ತಿನ ರೈಲಿಗೆ ವಿಜಯವಾಡಕ್ಕೆ ಹೊರಟಿರುವ ಶಿವಲಿಂಗಪ್ಪನವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಹರಿದುಹಾಕು. ಬೆಟ್ಟದ ಮೇಲೆ ದುರ್ಗಮ್ಮನ ಗುಡಿಗೆ ಹೋದರೆ ನಿನ್ನ ಭಾವನ ಹೆಸರಿನಲ್ಲಿ ಒಂದು ಕಾಯಿ ಒಡೆಸು.

ನೂರು ವರ್ಷ ಬಾಳು ನನ್ನಪ್ಪಾ.

ನಿನ್ನ ಅಕ್ಕ,
ಸುಲೋಚನಾ

ತಾ.ಕ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ನಿಮ್ಮ ಗ್ಯಾಂಗಿನ ಅಣ್ಣಪ್ಪನ ತಾಯಿ ದೇವಮ್ಮ ರೊಟ್ಟಿ ಕೊಡಲು ಬಂದಳು. "ನಿಮ್ಮ ತಮ್ಮಾ ಬರದಿದ್ರ ಸೋಮವಾರ ನಮ್ಮ ಅಣ್ಣಪ್ಪನ್ನ ಮೊದಲ ಇಳಸ್ತಾರಂತ್ರಿ. ಸಾಹೇಬರ ಮೂಗ ಐತೆಲ್ಲ, ನನಗೇನ ಚಿಂತಿಲ್ಲ" ಅಂದಳು. ಅವಳಿಗೆ ಚಹಾ ಮಾಡಿಕೊಟ್ಟು ಕಳಿಸಿದೆ. ನಾನು ನಿನ್ನನ್ನಷ್ಟೇ ಉಳಿಸಲು ನಾಲ್ಕು ಹಾಳೆ ಬರೆದಿದ್ದೇನೆ ಪುಂಡಲೀಕಾ, ಅವಳಿಗೆ ಓದಲೂ ಬರುವುದಿಲ್ಲ. ಸೀರೆ ಬದಲಿಸಿದ್ದೇನೆ, ಪೋರ್ಟಿನ ಬಸ್ಸು ಹಿಡಿದು ಆಫೀಸಿಗೆ ಹೊರಟೆ. ನೀನು ಸುಳ್ಳು ಹೇಳುವುದು ಬೇಡ, ಕೆಲಸ ಮುಗಿದಾಗ ಬಾ. ಬಂದಾಗ ಭಾವ ನನ್ನ ಜೊತೆ ಮಾತಾಡುತ್ತಿರಲಿಕ್ಕಿಲ್ಲ, ನಾನು ಬಡಿಸಿದರೆ ಉಣ್ಣಲಿಕ್ಕಿಲ್ಲ. ನೀನು ಬಡಿಸು, ಅವರ ಪಕ್ಕದಲ್ಲೇ ಕೂತು ಉಣ್ಣು.