ಬೇಕರಿ ಮೇಲಿನ ಕೋಣೆ

ಮಾರ್ಚ್ ೪, ಬೆಳಿಗ್ಗೆ
ಮತ್ತೆ ಅದೇ ರಗಳೆ. ಪುಟ್ಟಿ ಅತ್ತಳು, ನಾನು ಏಳುವಷ್ಟರಲ್ಲಿ ಅಕ್ಕ ಎತ್ತಿಕೊಂಡಾಗಿತ್ತು. ನನ್ನ ಬಾಣಂತನಕ್ಕೆಂದು ಬಂದವಳು ಇಲ್ಲೇ ಝಾಂಡಾ ಹೂಡಿದ್ದಾಳೆ. "ನೀನು ಮಲ್ಕೋ, ನಿಂಗೇನು ಗೊತ್ತಾಗತ್ತೆ" — ಹೆತ್ತವಳಿಗೆ ಹೇಳುವ ಮಾತು! ಹದಿನೇಳಕ್ಕೆ ಹೆರಲು ಗೊತ್ತಾಯಿತು, ಎತ್ತಿಕೊಳ್ಳಲು ಗೊತ್ತಾಗುವುದಿಲ್ಲವಂತೆ.

ಮಾರ್ಚ್ ೬
ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ನಮ್ಮಂಥ ಹುಡುಗಿಯರ ಗುಂಪು. ಅಮ್ಮನೇ ದಬ್ಬಿದ್ದು. ಕೌನ್ಸೆಲರ್ ಮೇಡಂ ಹಲ್ಲು ಬಿಟ್ಟು, "ಐದು ವರ್ಷ ಆದ್ಮೇಲೆ ನಿನ್ನನ್ನ ಎಲ್ಲಿ ನೋಡ್ತೀಯಾ?"
"ಕನ್ನಡೀಲಿ."
ಪಕ್ಕದ ಉದ್ದ ಕತ್ತಿನ ಹುಡುಗಿ ಕಿಸಕ್ಕನೆ ನಕ್ಕಳು. ಅವಳ ಕಂಕುಳಲ್ಲೂ ಒಂದು ಕೂಸು. 'ಒಂಟೆ' ಅಂದೆ. ನನಗೆ 'ಮೆಣಸಿನಕಾಯಿ' ಅಂದಳು.

ಮಾರ್ಚ್ ೨೦
ಒಂಟೆಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಮೇಲೆಯೇ ಅವಳ ಕೋಣೆ. "ಬಂದ್ಬಿಡೇ. ಬೆಳಿಗ್ಗೆ ಎರಡು ಕೂಸನ್ನೂ ನೀನು ನೋಡ್ಕೋ, ಮಧ್ಯಾಹ್ನ ನಾನು. ಆಗ ನೀನು ಕಾಲೇಜಿಗೆ ಹೋಗು."
ಇಷ್ಟೇ. ಮೇಡಂ ಬಾಯಲ್ಲಿ ಇವತ್ತಿಗೂ ಬರದ ಪ್ಲ್ಯಾನ್.

ಏಪ್ರಿಲ್ ೨
ಅಮ್ಮ ಬಟ್ಟೆ ಮಡಿಸುತ್ತಾ, ಮುಖ ನೋಡದೆ — "ಅಕ್ಕನಿಗೆ ಮಕ್ಕಳಾಗಲ್ಲ. ಭಾವ ಒಪ್ಪಿದ್ದಾರೆ. ಭಾನುವಾರ ಮಗು ಅವರ ಮನೆಗೆ."
"ನನ್ನ ಕೇಳಿದ್ರಾ?"
"ನೀನು ಮಾಡ್ಕೊಳ್ಳುವಾಗ ನಮ್ಮನ್ನ ಕೇಳಿದ್ಯಾ?"
ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿದರು.

ಏಪ್ರಿಲ್ ೫, ಮಧ್ಯಾಹ್ನ
ಹೊರಟೆ. ಬಗಲಲ್ಲಿ ಪುಟ್ಟಿ, ಹೆಗಲಿಗೆ ಚೀಲ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ನಿನಗಿಂತ ಚೆನ್ನಾಗಿ ಸಾಕ್ತೀನಿ ಕಣೇ."
ನಿಜವಿರಬಹುದು. ಅದಕ್ಕೇ ಮೈಯೆಲ್ಲ ಉರಿಯಿತು. "ಬೇಕಿದ್ರೆ ನೀನೇ ಹೆತ್ತು ಸಾಕು" ಅಂದೆ.
ಅವಳ ಮುಖ... ಬೇಡ. ಬರೆಯುವುದಿಲ್ಲ.

ಏಪ್ರಿಲ್ ೧೯
ಒಂಟೆ ಜೊತೆ ದಿನಾ ಕಿತ್ತಾಟ. ಒದ್ದೆ ಬಟ್ಟೆ ಯಾರು ಒಗೆಯಬೇಕು, ಯಾರ ಕೂಸು ಯಾರದನ್ನು ಎಬ್ಬಿಸಿತು. ಆದರೂ ಪಾಳಿ ಮುಗಿದೊಡನೆ ಬಂದು, ಹಿಟ್ಟಿನ ಕೈ ತೊಳೆದು, "ತೊಲಗೇ, ಬೆಲ್ ಆಗತ್ತೆ" ಅನ್ನುತ್ತಾಳೆ.
ಕ್ಲಾಸಿನಲ್ಲಿ ನನ್ನ ಅಂಗಿ ಮೇಲೆ ಪುಟ್ಟಿ ಕಕ್ಕಿದ ಹಾಲಿನ ವಾಸನೆ. ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಂಡರು. ತಿರುಗಿ ದುರುಗುಟ್ಟಿದೆ. ಎದ್ದು ಬರಲಿಲ್ಲ.

ಮೇ ೧೧
ಮೆಟ್ಟಿಲ ಮೇಲೆ ಅಕ್ಕನ ಧ್ವನಿ. ಒಂಟೆ ಪೊರಕೆ ಹಿಡಿದು ಬಾಗಿಲಿಗೆ ಒರಗಿದ್ದಾಳೆ. "ಓಡಿಸ್ಲಾ?"
"ಎತ್ಕೊಂಡು ಹೋಗಕ್ಕೆ ಬಂದಿಲ್ಲ ಕಣೇ," ಆಚೆಯಿಂದ. "ಒಂದ್ಸಲ ನೋಡಿ ಹೋಗ್ತೀನಿ."
ನಂಬಲಾ? ಹಲ್ಲು ಕಚ್ಚಿ ತಲೆಯಾಡಿಸಿದೆ. ಚಿಲಕ ಸರಿಯಿತು. ಅಕ್ಕ ಒಳಗೆ ಕಾಲಿಡಲಿಲ್ಲ, ಹೊಸ್ತಿಲಾಚೆಯೇ ನಿಂತಿದ್ದಾಳೆ. ನನ್ನ ಮಡಿಲಿಂದ ಪುಟ್ಟಿ, ಅವಳತ್ತ, ಎರಡೂ ಕೈ ಚಾಚಿ —