ಕಾಲಪ್ ಎಂಬ ಮಾತು

ಆಸ್ಯಮ್ಮನ ತಂದೆಯವರಿಗೆ ಸಲಾಂ.

ಬಂಗಲೆ ಮಾರಿದ ದೊರೆಗಳ ಜೊತೆ ಅಡುಗೆಯವರಾಗಿ ನೀವು ಸಿಲೋನಿಗೆ ಹೋದಮೇಲೆ ನಾನು ಹಾಕಿದ ಕಾಗದಗಳೆಲ್ಲ ವಾಪಸು ಬಂದವು. ಇದನ್ನು ಅಂಚೆಗೆ ಹಾಕುವುದಿಲ್ಲ.

ಇವತ್ತು ಮಗಳು ಹೊಸ ಅಳಿಯನನ್ನು ಕರೆದುಕೊಂಡು ಸಿದ್ಧಕಟ್ಟೆಗೆ ಬಂದಳು. ಅವರು ಬಂಟ್ವಾಳದಲ್ಲಿ ಇಂಗ್ಲಿಷ್ ಮಾಸ್ತರು. ಅವಳ ಕೈಗೆ ಮಾಂಸ ಕೊಟ್ಟು, ಬಂಗಲೆಯಿಂದ ನೀವು ತಂದ ಮಾತಿನಲ್ಲೇ, "ತೆಳ್ಳಗೆ ಕಾಲಪ್ ಮಾಡು ಮಗಳೇ" ಎಂದೆ. ಬಾಗಿಲಲ್ಲಿ ನಿಂತಿದ್ದ ಅಳಿಯ ನಕ್ಕರು.

"ಇಂಗ್ಲಿಷಿನಲ್ಲಿ ಅಂಥ ಶಬ್ದವೇ ಇಲ್ಲ ಮಾಮಿ. ಸ್ಲೈಸ್ ಅಂತ ಹೇಳುವುದು."

ಅದು ದೊರೆಸಾನಿಯ ಅಜ್ಜಿಯ ಅಡುಗೆ ಪುಸ್ತಕದ ಮಾತು, ಈಗ ಅವರ ದೇಶದಲ್ಲೂ ಯಾರೂ ಹೇಳುವುದಿಲ್ಲವಂತೆ ಎಂದು ನೀವೇ ಹೇಳಿದ್ದಿರಿ. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು, "ಉಮ್ಮ ಏನೋ ಹೇಳ್ತಾರೆ, ಬಿಡಿ" ಎಂದಳು. ಬಾಳೆದಿಂಡನ್ನು ಕಾಲಪ್ ಮಾಡುತ್ತಾ ನಿಮ್ಮ ಪಕ್ಕದಲ್ಲೇ ಕೂತಿರುತ್ತಿದ್ದ ಮಗು ಅವಳು.

ಊಟಕ್ಕೆ ಕೂತಾಗ ಅಳಿಯ ಒಂದು ತುಂಡನ್ನು ಎತ್ತಿ ಹಿಡಿದು ನೋಡಿದರು.

"ಕಾಗದದ ಹಾಗೆ ಉಂಟಲ್ಲ! ನಿನಗೆ ಯಾರು ಕಲಿಸಿದ್ದು?"

ಮಗಳು ನನ್ನ ಕಡೆ ನೋಡಲಿಲ್ಲ.

"ಯಾರೂ ಇಲ್ಲ, ಹಾಗೇ ಬಂತು" ಎಂದಳು.

ನಾನು ಅವರಿಗೆ ಇನ್ನಷ್ಟು ಅನ್ನ ಬಡಿಸಿದೆ.